ಡಾಕ್ಟರ ಹತ್ತಿರ ಕೇಳಿ: ಇಲಿಗೆ ಏನೂ ಆಗಿಲ್ಲವಂತೆ, ನಾನು ತೆಗೆದುಕೊಳ್ಳಬಹುದಾ?

ಪ್ರಶ್ನೆ: ನಮಸ್ತೆ ಡಾಕ್ಟ್ರೇ. ನನಗೆ 28 ವರ್ಷ, ತೂಕ 96 ಕಿಲೋ. ಮೊಬೈಲ್ ಅಂಗಡಿ ಇದೆ, ಇಡೀ ದಿನ ಕೂತೇ ಕೆಲಸ. ಜಿಮ್‌ನಲ್ಲಿ ಪರಿಚಯವಾದ ಒಬ್ಬರು ತೂಕ ಇಳಿಸಲು ಬಿಎಎಂ15 ಎಂಬ ಪುಡಿ ತರಿಸಿಕೊಡುತ್ತೇನೆ ಎನ್ನುತ್ತಿದ್ದಾರೆ. ತೂಕ ಇಳಿಸುವ ಹಳೇ ರಾಸಾಯನಿಕ ಡಿಎನ್‌ಪಿ ಅಪಾಯ, ಇದು ಹೊಸದು, ಇಲಿಗಳಿಗೆ ಏನೂ ಆಗಿಲ್ಲವಂತೆ. ಪೊಟ್ಟಣದ ಮೇಲೆ ‘ಸಂಶೋಧನೆಗೆ ಮಾತ್ರ’ ಎಂದು ಬರೆದಿದೆ. ಮೇ ತಿಂಗಳಲ್ಲಿ ತಂಗಿಯ ಮದುವೆ. ಅಲ್ಲಿವರೆಗೆ ಮಾತ್ರ ತೆಗೆದುಕೊಂಡರೆ ತೊಂದರೆ ಇದೆಯಾ?
– ಹೆಸರು ಬೇಡ, ಕುಂಬಳೆ

ಉತ್ತರ: ಬೇಡ. ಕಾರಣ ಹೇಳದೆ ಬೇಡ ಎಂದರೆ ನೀವು ಕೇಳುವವರಲ್ಲ, ಪತ್ರ ನೋಡಿದರೇ ಗೊತ್ತಾಗುತ್ತದೆ. ಹಾಗಾಗಿ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ನಮ್ಮ ಜೀವಕೋಶದ ಮೈಟೊಕಾಂಡ್ರಿಯಾ ಅನ್ನವನ್ನೂ ಕೊಬ್ಬನ್ನೂ ಉರಿಸಿ, ತನ್ನ ಒಳಪೊರೆಯ ಒಂದು ಬದಿಯಲ್ಲಿ ಪ್ರೋಟಾನ್‌ಗಳನ್ನು ಒಟ್ಟು ಮಾಡುತ್ತದೆ. ಅವು ವಾಪಸು ಹರಿಯುವಾಗ ಎಟಿಪಿ ತಯಾರಾಗುತ್ತದೆ. ಮೈಗೆ ಬೇಕಾದ ಶಕ್ತಿ ಅದೇ. ಡಿಎನ್‌ಪಿ, ಬಿಎಎಂ15 ಎರಡೂ ಅನ್‌ಕಪ್ಲರ್ ಎಂಬ ಜಾತಿಯವು. ಅನ್‌ಕಪ್ಲರ್ ಎಂದರೆ ತೋಡಿಗೆ ಹಾಕಿದ ಕಟ್ಟಕ್ಕೆ ತೂತು ಕೊರೆದ ಹಾಗೆ. ಪ್ರೋಟಾನ್‌ಗಳು ಸೋರಿಹೋಗುತ್ತವೆ. ಕೊಬ್ಬು ಉರಿಯುವುದು ನಿಜ, ಆದರೆ ಶಕ್ತಿಯ ಬದಲು ಬರೀ ಬಿಸಿ ಹುಟ್ಟುತ್ತದೆ.

ಮೊದಲ ಮಹಾಯುದ್ಧದಲ್ಲಿ ಫ್ರಾನ್ಸಿನ ಮದ್ದುಗುಂಡು ಕಾರ್ಖಾನೆಗಳಲ್ಲಿ ಡಿಎನ್‌ಪಿ ಮುಟ್ಟುತ್ತಿದ್ದ ಕೆಲಸಗಾರರು ಬೆವರಿ, ಸೊರಗಿ, ಕೆಲವರು ಸತ್ತೇಹೋದರು. ಅದೇ ವಸ್ತುವನ್ನು 1933ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್‌ನ ವೈದ್ಯರು ತೂಕ ಇಳಿಸಲು ಕೊಟ್ಟರು. ಒಂದೆರಡು ವರ್ಷದೊಳಗೆ ಲಕ್ಷದಷ್ಟು ಜನ ನುಂಗಿದರು. ತೂಕ ಇಳಿಯಿತು. ಜೊತೆಗೆ ಚಿಕ್ಕ ವಯಸ್ಸಿನ ಹೆಂಗಸರ ಕಣ್ಣಿಗೆ ಪೊರೆ ಬಂತು, ಸಾವುಗಳೂ ಆದವು. 1938ರಲ್ಲಿ ಹೊಸ ಕಾನೂನು ಬಂದ ಮೇಲೆ ಅಲ್ಲಿ ಅದು ನಿಂತಿತು.

ನನಗೆ ಹೆಚ್ಚು ಹೆದರಿಕೆ ಆ ಬಿಸಿಯದ್ದೇ. ಸಾಮಾನ್ಯ ಜ್ವರದಲ್ಲಿ ಮೈಬಿಸಿ ಎಷ್ಟಿರಬೇಕೆಂದು ಮೆದುಳು ತೀರ್ಮಾನಿಸುತ್ತದೆ, ಪ್ಯಾರಾಸಿಟಮಾಲ್ ಅದನ್ನು ಇಳಿಸುತ್ತದೆ. ಇಲ್ಲಿ ಮೆದುಳಿನ ಮಾತು ನಡೆಯುವುದಿಲ್ಲ, ಒಂದೊಂದು ಜೀವಕೋಶವೂ ಉರಿಯುತ್ತಿರುತ್ತದೆ. ಪ್ಯಾರಾಸಿಟಮಾಲ್ ಏನೂ ಮಾಡದು. ಆಸ್ಪಿರಿನ್ ಅಂತೂ ಜಾಸ್ತಿಯಾದರೆ ತಾನೇ ಅನ್‌ಕಪ್ಲರ್. ಪ್ರತಿವಿಷ ಇಲ್ಲ. ಮೈ ತಣ್ಣಗೆ ಮಾಡುವುದು, ಡ್ರಿಪ್ ಹಾಕುವುದು, ಅಷ್ಟೇ ನಮ್ಮ ಕೈಯಲ್ಲಿರುವುದು. ಅದರ ಮೇಲೆ ನಮ್ಮ ಏಪ್ರಿಲ್ ಸೆಕೆ ಬೇರೆ, ಬೆವರು ಆರುವುದೇ ಇಲ್ಲ ಅಲ್ವಾ?

ಈಗ ಬಿಎಎಂ15. ಇಲಿಗಳಲ್ಲಿ ಮೈ ಬಿಸಿಯಾಗದೆ ಕೊಬ್ಬು ಇಳಿದದ್ದು ಸುಳ್ಳಲ್ಲ. ಆದರೆ ಮನುಷ್ಯರಿಗೆ ಔಷಧವಾಗಿ ಅದಕ್ಕೆ ಎಲ್ಲೂ ಒಪ್ಪಿಗೆ ಇಲ್ಲ. ಎಚ್‌ಯು6 ಎಂಬ ಇನ್ನೊಂದನ್ನು ಜನರ ಮೇಲೆ ಪರೀಕ್ಷಿಸಿದ್ದಾರೆ, ವೈದ್ಯರ ಕಾವಲಿನಲ್ಲಿ, ರಕ್ತ ಪರೀಕ್ಷೆ ಮಾಡುತ್ತಾ. ಅದು ಮೈಯೊಳಗೆ ನಿಧಾನವಾಗಿ ಬದಲಾಗುವುದು ಯಾವುದಕ್ಕೆ ಗೊತ್ತಾ? ಅದೇ ಡಿಎನ್‌ಪಿಗೆ! ನಿಮ್ಮ ಪೊಟ್ಟಣಕ್ಕೆ ಆ ಕಾವಲೂ ಇಲ್ಲ. ಒಳಗಿರುವುದು ನಿಜವಾಗಿ ಬಿಎಎಂ15 ಎಂದು ಹೇಳುವವರು ಯಾರು? ‘ಸಂಶೋಧನೆಗೆ ಮಾತ್ರ’ ಎಂಬ ಸಾಲು ಮಾರುವವರನ್ನು ಉಳಿಸಲು, ನಿಮ್ಮನ್ನಲ್ಲ. ಗೇರು ತೋಟಕ್ಕೆ ಎಂಡೋಸಲ್ಫಾನ್ ಕೀಟನಾಶಕ ಸಿಂಪಡಿಸಿ ಜನ ನರಳಿದ್ದನ್ನು ಕಂಡ ಜಿಲ್ಲೆ ನಮ್ಮದು. ‘ಏನೂ ಆಗುವುದಿಲ್ಲ’ ಎನ್ನುವ ಮಾತನ್ನು ನಾವು ಇಷ್ಟು ಬೇಗ ನಂಬಬಾರದು.

ಈಗಾಗಲೇ ರುಚಿ ನೋಡಿದ್ದರೆ ನಿಲ್ಲಿಸಿ. ವಿಪರೀತ ಬೆವರು, ಎದೆ ಡವಡವ, ಏದುಸಿರು, ಮೈಸುಡುವಿಕೆ ಬಂದರೆ ಬೆಳಗಾಗಲಿ ಎಂದು ಕಾಯಬೇಡಿ. ನೇರ ಕ್ಯಾಶುವಾಲಿಟಿಗೆ ಹೋಗಿ, ಪೊಟ್ಟಣವನ್ನೂ ತೋರಿಸಿ. ಮನೆಯವರೆದುರು ಹೇಳಲು ನಾಚಿಕೆಯಾದರೆ ಡಾಕ್ಟರಿಗೆ ಮಾತ್ರ ಹೇಳಿ.

ತೂಕಕ್ಕೆ ಮೊದಲು ಸಕ್ಕರೆ, ಥೈರಾಯ್ಡ್, ಬಿಪಿ ನೋಡಿಸಿ. ಸೆಮಾಗ್ಲುಟೈಡ್, ಟಿರ್ಜೆಪಟೈಡ್ ಇಂಜೆಕ್ಷನ್‌ಗಳು ಪರೀಕ್ಷೆ ಮುಗಿಸಿ ಬಂದ ಔಷಧಗಳು. ನಿಮಗೆ ಬೇಕಾ ಎಂದು ಡಾಕ್ಟರು ನೋಡಿ ಹೇಳಲಿ. ಜಿಮ್ ಮುಗಿಸಿ ಪರೋಟ ತಿನ್ನುವ ಅಭ್ಯಾಸ ಇದೆಯಾ? ಪತ್ರದಲ್ಲಿ ಬರೆದಿಲ್ಲ. ಇದ್ದರೆ ಅದನ್ನು ಇವತ್ತೇ ಬಿಡಿ.