ಕೆಲಸ ಹೊರದೇಶಕ್ಕೆ ಹೋದರೆ ಅಲ್ಲಿನವರಿಗೆ ಯಾರು ದಿಕ್ಕು?

ದಾವಣಗೆರೆಯ ನಿವೃತ್ತ ಶಿಕ್ಷಕಿಯೊಬ್ಬರು ಬರೆದಿದ್ದಾರೆ: "ನನ್ನ ಮಗ ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಯಲ್ಲಿದ್ದಾನೆ. ಅವನ ಕೆಲಸವನ್ನು ಮೊದಲು ಅಮೆರಿಕದಲ್ಲಿ ಯಾರೋ ಮಾಡುತ್ತಿದ್ದರಂತೆ. ಹೀಗೆ ಕೆಲಸ ಹೋದವರಿಗೆ ಅಲ್ಲಿನ ಸರ್ಕಾರ ಏನಾದರೂ ಮಾಡುತ್ತದೆಯೇ, ಇಲ್ಲ ಸುಮ್ನೆ ಮನೆಗೆ ಕಳಿಸುತ್ತದೆಯೇ?"

ಸಂಪಾದಕರ ಉತ್ತರ:

ಮಾಡುತ್ತಿತ್ತು ಮೇಡಂ. ಅದಕ್ಕೆಂದೇ 'ಟ್ರೇಡ್ ಅಡ್ಜಸ್ಟ್‌ಮೆಂಟ್ ಅಸಿಸ್ಟೆನ್ಸ್' ಎಂಬ ಯೋಜನೆ ಇತ್ತು. ಶುರುವಾಗಿದ್ದು 1962ರಲ್ಲಿ, ಕೆನಡಿ ಕಾಲದಲ್ಲಿ. ಆಮದು ಸುಂಕ ಇಳಿಸಿದರೆ ಲಾಭ ದೇಶಕ್ಕೆಲ್ಲ, ಪೆಟ್ಟು ಮಾತ್ರ ಕೆಲವೇ ಊರುಗಳಿಗೆ. ಆ ಪೆಟ್ಟಿನಲ್ಲಿ ಸರ್ಕಾರವೂ ಪಾಲು ಹೊರಬೇಕು ಅನ್ನೋದು ಲೆಕ್ಕ. ಷರತ್ತು ಎಷ್ಟು ಬಿಗಿಯಿತ್ತೆಂದರೆ, ಮೊದಲ ಆರೇಳು ವರ್ಷ ಒಬ್ಬ ಕಾರ್ಮಿಕನಿಗೂ ಅದು ದಕ್ಕಲಿಲ್ಲ! 1974ರಲ್ಲಿ ಸಡಿಲಿಸಿದರು. ನಿಮ್ಮ ಮಗ ಮಾಡುವಂಥ ಸೇವಾ ವಲಯದ ಕೆಲಸಗಳನ್ನು ಕಾನೂನಿಗೆ ಸೇರಿಸಿದ್ದು 2009ರಲ್ಲಿ. (ಮಗನ ಮೇಲೆ ಹೊಣೆ ಹೊರಿಸಬೇಡಿ. ಕೆಲಸ ದಾಟಿಸಿದ್ದು ಕಂಪನಿ, ಅವನಲ್ಲ.)

ಹತ್ತಿ ಗಿರಣಿ ಮುಚ್ಚಿದರೆ ಊರು ಏನಾಗುತ್ತದೆಂದು ದಾವಣಗೆರೆಯವರಿಗೆ ನಾನು ಹೇಳಬೇಕಿಲ್ಲ. ಉತ್ತರ ಕೆರೊಲಿನಾದ ಕನ್ನಾಪೊಲಿಸ್ ಕೂಡ ಟವೆಲ್, ಬೆಡ್‌ಶೀಟ್ ನೇಯ್ದು ಬದುಕಿದ ಊರು. 2003ರ ಜುಲೈ 30ರಂದು ಅಲ್ಲಿನ ಪಿಲೋಟೆಕ್ಸ್ ಗಿರಣಿ ಬಾಗಿಲು ಹಾಕಿತು. ಊರಲ್ಲೂ ಸುತ್ತಮುತ್ತಲೂ 4,000ಕ್ಕೂ ಜಾಸ್ತಿ ಜನರ ಕೆಲಸ ಹೋಯಿತು. ಅವರಲ್ಲಿ ಎಷ್ಟೋ ಮಂದಿ ಚಿಕ್ಕ ವಯಸ್ಸಿಗೇ ಗಿರಣಿ ಸೇರಿ, ಹೈಸ್ಕೂಲು ಮುಗಿಸಿರಲೇ ಇಲ್ಲ. ಹೊಸ ಕಸುಬು ಕಲಿಯುವ ಮೊದಲು ಅವರು ಹೈಸ್ಕೂಲಿಗೆ ಸಮನಾದ ಪರೀಕ್ಷೆ ಪಾಸು ಮಾಡಬೇಕಿತ್ತು. ಐವತ್ತು ದಾಟಿದವರಿಗೆ ಮತ್ತೆ ಭಿನ್ನರಾಶಿ, ವ್ಯಾಕರಣ! ಅದೆಷ್ಟು ಕಷ್ಟ ಅನ್ನೋದು ಪಾಠ ಮಾಡಿದ ನಿಮಗೇ ಚೆನ್ನಾಗಿ ಗೊತ್ತು. ಹತ್ತಿರದ ರೋವನ್-ಕಬಾರಸ್ ಕಮ್ಯುನಿಟಿ ಕಾಲೇಜು ಅವರಿಗೆ ಕಲಿಸಲು ನಿಂತಿತು. ಯೋಜನೆಯಿಂದ ಫೀಸು ಸಿಗುತ್ತಿತ್ತು. ನಿರುದ್ಯೋಗ ಭತ್ಯೆ ಮುಗಿದ ಮೇಲೂ, ಕಲಿಯುತ್ತಿರುವವರಿಗೆ ವಾರವಾರ ದುಡ್ಡು ಬರುತ್ತಿತ್ತು.

ನನಗೆ ಹಿಡಿಸಿದ್ದು ಆಮೇಲೆ ಬಂದ ಇನ್ನೊಂದು ಸೌಲಭ್ಯ. 50 ದಾಟಿದವರು ಕಡಿಮೆ ಸಂಬಳದ ಕೆಲಸ ಒಪ್ಪಿಕೊಂಡರೆ, ಹಳೇ ಸಂಬಳಕ್ಕೂ ಹೊಸದಕ್ಕೂ ಇರುವ ವ್ಯತ್ಯಾಸದಲ್ಲಿ ಅರ್ಧವನ್ನು ಸರ್ಕಾರ ಕೊಡುತ್ತಿತ್ತು. ವರ್ಷಕ್ಕೆ 40,000 ಡಾಲರ್ ದುಡಿಯುತ್ತಿದ್ದವರು 30,000ಕ್ಕೆ ಸೇರಿದರೆ, ವರ್ಷಕ್ಕೆ 5,000 ಡಾಲರ್. ಎರಡು ವರ್ಷಕ್ಕೆ ಮಿತಿ 10,000. ಆ ವಯಸ್ಸಿನಲ್ಲಿ ಎಲ್ಲರನ್ನೂ ಕ್ಲಾಸಿಗೆ ಕೂರಿಸೋದಕ್ಕಿಂತ ಇದೇ ವಾಸಿ.

ತೊಡಕು ಇದ್ದದ್ದು ಅರ್ಜಿಯಲ್ಲಿ. ಮೂವರು ಕಾರ್ಮಿಕರು ಸಹಿ ಹಾಕಿದರೆ ಸಾಕು, ಅರ್ಜಿ ಹೋಗುತ್ತಿತ್ತು. ಆದರೆ ವಾಷಿಂಗ್ಟನ್ನಿನ ಕಾರ್ಮಿಕ ಇಲಾಖೆ ಕಂಪನಿಯನ್ನು ವಿಚಾರಿಸಿ, ಅದರ ಗಿರಾಕಿಗಳಿಗೂ ಪತ್ರ ಬರೆಯುತ್ತಿತ್ತು: ನೀವು ಇವರ ಮಾಲು ಬಿಟ್ಟು ವಿದೇಶಿ ಮಾಲು ಕೊಂಡಿರಾ? ಆ ಗಿರಾಕಿ ಯಾರೆಂದು ಮಗ್ಗದ ಮುಂದೆ ನಿಂತವರಿಗೆ ಹೇಗೆ ಗೊತ್ತಾಗಬೇಕು? ವಿದೇಶಿ ವ್ಯಾಪಾರದ ಕಾರಣಕ್ಕೇ ಕೆಲಸ ಹೋಯಿತೆಂದು ಇಲಾಖೆಗೆ ಮನವರಿಕೆಯಾಗದಿದ್ದರೆ ಅರ್ಜಿ ಬಿತ್ತು. ಕೆಲಸ ಆಮದಿನಿಂದ ಹೋದರೇನು, ಮಷೀನಿನಿಂದ ಹೋದರೇನು, ತಿಂಗಳ ಬಾಡಿಗೆ ಅಷ್ಟೇ ಅಲ್ವಾ?

ಈಗ ಆ ಯೋಜನೆಯೂ ನಿಂತಿದೆ. ಅಲ್ಲಿನ ಸಂಸತ್ತು ಅವಧಿ ವಿಸ್ತರಿಸಲಿಲ್ಲ. 2022ರ ಜುಲೈ 1ರಿಂದ ಹೊಸ ಅರ್ಜಿಗಳಿಗೆ ಮಂಜೂರಾತಿ ಇಲ್ಲ. ಮೊದಲೇ ಮಂಜೂರಾದವರದ್ದು ಮಾತ್ರ ಮುಂದುವರಿಯಿತು.

ಉಳಿದಿರುವುದು 'ಅಮೆರಿಕನ್ ಜಾಬ್ ಸೆಂಟರ್' ಎಂಬ ಸ್ಥಳೀಯ ಕಚೇರಿಗಳು. ಎಲ್ಲ ರಾಜ್ಯಗಳಲ್ಲೂ ಇವೆ. ಬಯೋಡೇಟಾ ತಿದ್ದಿಕೊಡುತ್ತಾರೆ, ಸುತ್ತಮುತ್ತ ಎಲ್ಲಿ ಕೆಲಸ ಖಾಲಿಯಿದೆ ಎಂದು ಹೇಳುತ್ತಾರೆ, ಅರ್ಹರಿಗೆ ತರಬೇತಿಯ ಫೀಸನ್ನೂ ಕೊಡಿಸುತ್ತಾರೆ. ಕೆಲಸ ಹೋಗಿದ್ದಕ್ಕೆ ವಿದೇಶವೇ ಕಾರಣವೆಂದು ಸಾಬೀತು ಮಾಡಿ ಅನ್ನುವುದಿಲ್ಲ, ಅದು ಒಳ್ಳೆಯದೇ. ಆದರೆ ಓದುವಷ್ಟು ಕಾಲ ಮನೆಗೆ ಬರುತ್ತಿದ್ದ ವಾರದ ದುಡ್ಡು ಈಗಿಲ್ಲ. ನಿರುದ್ಯೋಗ ಭತ್ಯೆ ಬಹುಪಾಲು ರಾಜ್ಯಗಳಲ್ಲಿ ಹೆಚ್ಚೆಂದರೆ 26 ವಾರ. ಎರಡು ವರ್ಷದ ನರ್ಸಿಂಗ್ ಕೋರ್ಸಿಗೆ ಸೇರಿದವರು ಮಿಕ್ಕ ಒಂದೂವರೆ ವರ್ಷ ಸಂಸಾರ ತೂಗಿಸುವ ದಾರಿಯನ್ನು ತಾವೇ ಹುಡುಕಿಕೊಳ್ಳಬೇಕು.