ವರ್ಷಗಟ್ಟಲೆ ಬಿಡದ ಮಂಕು: ಸ್ವಭಾವವಾ, ಕಾಯಿಲೆಯಾ?

ಕೆಲಸಕ್ಕೆ ಹೋಗ್ತೀನಿ, ಮನೆ ನೋಡ್ಕೋತೀನಿ, ಆದರೆ ಯಾವುದರಲ್ಲೂ ರುಚಿ ಇಲ್ಲ, ಇದು ನನ್ನ ಸ್ವಭಾವನಾ ಅಂತ ಕೇಳಿದ್ದೀರಿ.

ಸ್ವಭಾವ ಇರಲಿಕ್ಕಿಲ್ಲ. ಇಂಥ ಮಂಕು ಹೆಚ್ಚಿನ ದಿನಗಳಲ್ಲಿ, ದಿನದ ಬಹುಪಾಲು ಹೊತ್ತು, 2 ವರ್ಷವಾದರೂ ಬಿಡದೆ ಇದ್ದರೆ ಅದು ಡಿಸ್ತೈಮಿಯಾ, ಅಂದರೆ ವರ್ಷಗಟ್ಟಲೆ ಎಳೆಯುವ ಖಿನ್ನತೆ ಇರಬಹುದು. ಮಕ್ಕಳಿಗಾದರೆ 1 ವರ್ಷ. ಜತೆಗೆ ಸುಸ್ತು, ನಿದ್ದೆ ಹಸಿವಿನ ಏರುಪೇರು ಇರುತ್ತದೆ. ಮೈಯಲ್ಲಿ ಸಣ್ಣ ಜ್ವರ ಇಟ್ಟುಕೊಂಡೇ ಓಡಾಡಿದ ಹಾಗೆ. ಹಾಸಿಗೆ ಹಿಡಿಯುವುದಿಲ್ಲವಲ್ಲ, ಅದಕ್ಕೇ ಯಾರ ಕಣ್ಣಿಗೂ ಬೀಳುವುದಿಲ್ಲ.

ನನಗೆ ಸುಳಿವು ಸಿಕ್ಕಿದ್ದು ಕಾಫಿಯಿಂದ. ದಿನಾ ಲೋಟ ಕೈಯಲ್ಲೇ ಆರಿ ಕೆನೆ ಕಟ್ಟುತ್ತಿತ್ತು. ಮನೆಯವರು "ಅವನು ಮೊದಲಿಂದಲೂ ಹಾಗೇ" ಅಂತಿದ್ದರು. ನಾನೂ ನಂಬಿದ್ದೆ!

ಮೊದಲು ಥೈರಾಯ್ಡ್, ಬಿ12 ಪರೀಕ್ಷೆ ಮಾಡಿಸಿ. ಅವು ಕೆಟ್ಟರೂ ಹೀಗೇ ಆಗುತ್ತದೆ. ಆಮೇಲೆ ಮನೋವೈದ್ಯರನ್ನು ಕಾಣಿ. ಮಾತಿನ ಚಿಕಿತ್ಸೆ, ಮಾತ್ರೆ ಎರಡೂ ಇವೆ. ಮಾತ್ರೆಯ ಗುಣ ಕಾಣಲು ಕೆಲವು ವಾರ ಬೇಕು. ಸ್ವಲ್ಪ ಹಗುರಾಯಿತು ಅಂತ ಸುಮ್ನೆ ನೀವೇ ನಿಲ್ಲಿಸಬೇಡಿ. ಸಂಜೆ ಅರ್ಧ ಗಂಟೆ ನಡೆಯಿರಿ, ಮನಸ್ಸಿಲ್ಲದಿದ್ದರೂ. ಮನಸ್ಸು ಬರಲಿ ಅಂತ ಕಾದರೆ ಅದು ಬರುವುದೇ ಇಲ್ಲ.

ಸಾಯುವ ಯೋಚನೆ ಬಂದರೆ ಕಾಯಬೇಡಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ. ಉಚಿತ, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು.