ಅಕ್ಟೋಬರ್ ಕೊನೆಗೆ ಜೂರಾ ದ್ವೀಪದಲ್ಲಿ ಕಾಟೇಜ್: ನಾಲ್ಕು ರಾತ್ರಿ ಸಾಕೇ?

ಸಾಕಾಗಲ್ಲ. ನೀವು ಬರೆದು ಕೇಳಿದ ಯೋಜನೆ ಇದು: ಮೈಸೂರಿನಿಂದ ಬಂದ ಅಪ್ಪ-ಅಮ್ಮ, ಗ್ಲಾಸ್ಗೋದಲ್ಲಿ ಬಾಡಿಗೆ ಕಾರು, ಸ್ಕಾಟ್ಲೆಂಡ್‌ನ ಪಶ್ಚಿಮ ಕರಾವಳಿಯಾಚೆಯ ಜೂರಾದಲ್ಲಿ ನಾಲ್ಕು ರಾತ್ರಿ, ಶನಿವಾರ ಬೆಳಗ್ಗೆ ಬೀಗ ಹಾಕಿ ಅಂದೇ ಸಂಜೆ ಲಂಡನ್ ವಿಮಾನ. ನಮ್ಮ ಯೋಜನೆಯೂ ಥೇಟ್ ಇದೇ ಇತ್ತು. ಆ ವಿಮಾನ ನಮಗೆ ಸಿಗಲಿಲ್ಲ.

ತಪ್ಪು ಎಲ್ಲಿದೆ ಅಂದರೆ ಆ ಶನಿವಾರದಲ್ಲಿ. ಜೂರಾದಿಂದ ಕಾರು ಹೊರಬರಲು ಮೂರು ಕೊಂಡಿ ದಾಟಬೇಕು. ಮೊದಲನೆಯದು ಫಿಯೋಲಿನ್‌ನಿಂದ ಎದುರಿನ ಐಲಾ ದ್ವೀಪದ ಪೋರ್ಟ್ ಆಸ್ಕೇಗ್‌ಗೆ, ಕೆಲವೇ ಕಾರು ಹಿಡಿಯುವ ಪುಟ್ಟ ಫೆರಿ. ದಾಟಲು ಐದು ನಿಮಿಷ ಸಾಕು, ಅದಕ್ಕೇ ಯಾರೂ ಅದನ್ನು ಲೆಕ್ಕಕ್ಕೆ ಇಟ್ಟುಕೊಳ್ಳುವುದಿಲ್ಲ. ಆದರೆ ಆ ಕಿರಿದಾದ ಜಲಸಂಧಿಯಲ್ಲಿ ಉಬ್ಬರ-ಇಳಿತದ ಸೆಳೆತ ಭಾರೀ ಜೋರು. ಸೆಳೆತಕ್ಕೆ ಎದುರಾಗಿ ಗಾಳಿ ಬೀಸಿದರೆ ಅಲೆ ಕಡಿದಾಗಿ ಏಳುತ್ತದೆ, ಇಳಿಜಾರು ದಕ್ಕೆಗೆ ರ‍್ಯಾಂಪ್ ಒತ್ತಿ ನಿಲ್ಲಿಸುವುದಕ್ಕೇ ಆಗುವುದಿಲ್ಲ. ಎರಡನೆಯದು ಐಲಾದಿಂದ ಮುಖ್ಯ ಭೂಭಾಗದ ಕೆನಾಕ್ರೇಗ್‌ಗೆ ಕ್ಯಾಲ್‌ಮ್ಯಾಕ್ ಕಂಪನಿಯ ದೊಡ್ಡ ಫೆರಿ, ಸುಮಾರು ಎರಡು ಗಂಟೆ. ಹವೆ ಕೆಟ್ಟರೆ ರದ್ದಾಗುತ್ತದೆ, ಇಲ್ಲವೇ ಪೋರ್ಟ್ ಆಸ್ಕೇಗ್ ಬದಲು 20 ಮೈಲಿ ಆಚೆಯ ಪೋರ್ಟ್ ಎಲೆನ್‌ನಿಂದ ಹೊರಡುತ್ತದೆ. ಮೂರನೆಯದು ಅಲ್ಲಿಂದ ಗ್ಲಾಸ್ಗೋ ಕಡೆಗೆ ಹೋಗುವ ಎ83 ರಸ್ತೆ. ಅದರ ‘ರೆಸ್ಟ್ ಅಂಡ್ ಬಿ ಥ್ಯಾಂಕ್‌ಫುಲ್’ ಘಾಟಿಯಲ್ಲಿ ಜೋರು ಮಳೆ ಬಂದರೆ ಗುಡ್ಡ ಕುಸಿಯುವ ಭಯಕ್ಕೆ ರಸ್ತೆಯನ್ನೇ ಮುಚ್ಚುತ್ತಾರೆ. ಆಗ ಇನ್ವರೆರಿಯಿಂದ ಡಾಲ್ಮಲಿ, ಟಿಂಡ್ರಮ್ ಸುತ್ತಿ ಬರಬೇಕು.

ಒಂದೊಂದೂ ಅಪರೂಪಕ್ಕೆ ಕೆಡುವಂಥದ್ದು, ಮೂರೂ ಒಟ್ಟಿಗೆ ಕೆಡುವುದುಂಟೇ ಅಂತ ಎಲ್ಲರ ಲೆಕ್ಕ. ಲೆಕ್ಕ ತಪ್ಪುವುದೇ ಇಲ್ಲಿ. ಮೂರನ್ನೂ ಕೆಡಿಸುವುದು ಒಂದೇ ಕಾರಣ: ಅಟ್ಲಾಂಟಿಕ್‌ನಿಂದ ಬರುವ ವಾಯುಭಾರ ಕುಸಿತ. ಅದು ಬಂದರೆ ಒಂದೇ ದಿನ ಮೂರಕ್ಕೂ ಬಡಿಯುತ್ತದೆ. ಗಾಳಿ ನಿಂತ ಮೇಲೂ ಕಥೆ ಮುಗಿಯುವುದಿಲ್ಲ. ಜನಕ್ಕೆ ಸೀಟು ಸಿಕ್ಕೀತು, ಕಾರಿಗೆ ಜಾಗ ಸಿಗುವುದಿಲ್ಲ, ಯಾಕೆಂದರೆ ಹಿಂದಿನ ದಿನ ಉಳಿದ ಕಾರುಗಳೂ ಸಾಲಿನಲ್ಲಿರುತ್ತವೆ. ಸಾಲದ್ದಕ್ಕೆ ಅಕ್ಟೋಬರ್ ದ್ವಿತೀಯಾರ್ಧದಲ್ಲಿ ಫೆರಿಯ ಬೇಸಿಗೆ ವೇಳಾಪಟ್ಟಿ ಮುಗಿದು ಚಳಿಗಾಲದ್ದು ಶುರು. ಹೋಗುವ ದಿನ ಒಂದು ಪಟ್ಟಿ, ಬರುವ ದಿನ ಇನ್ನೊಂದು ಇರಬಹುದು.

ಆದ್ದರಿಂದ ಶನಿವಾರ ವಿಮಾನವಿದ್ದರೆ ಶುಕ್ರವಾರ ಬೆಳಗ್ಗೆಯೇ ದ್ವೀಪ ಬಿಡಿ, ರಾತ್ರಿ ಗ್ಲಾಸ್ಗೋದಲ್ಲಿ ಕಳೆಯಿರಿ. ದುಡ್ಡು ಕೊಟ್ಟ ಒಂದು ರಾತ್ರಿ ವ್ಯರ್ಥವಾಗಲಿ. ಐದು ಜನಕ್ಕೆ ಹೊಸ ಟಿಕೆಟ್, ಕಾರಿಗೆ ಇನ್ನೊಂದು ದಿನದ ಬಾಡಿಗೆ ತೆರುವುದಕ್ಕಿಂತ ಅದೇ ಅಗ್ಗ.

ಈಗ ನೀವು ಕೇಳಿದ್ದಕ್ಕೆ ಬರುತ್ತೇನೆ: ಜೂರಾದ ಪ್ಯಾಪ್ಸ್ ಬೆಟ್ಟ, ದ್ವೀಪದ ಉತ್ತರ ತುದಿಯಾಚೆ ಸಮುದ್ರದಲ್ಲಿರುವ ಕೊರಿವ್ರೆಕನ್ ಸುಳಿ, ಎರಡೂ ಆಗುತ್ತದೆಯೇ? ಎರಡನ್ನೂ ಕೈಬಿಡಿ. ಪ್ಯಾಪ್ಸ್‌ನ ಎತ್ತರದ ಶಿಖರ ಬೆನ್ ಆನ್ ಓರ್ ಬರೀ 785 ಮೀಟರ್, ಆದರೆ ಬುಡದಲ್ಲಿ ಜೌಗು, ಮೇಲೆ ಕಾಲಿಟ್ಟರೆ ಜಾರುವ ಕ್ವಾರ್ಟ್‌ಜೈಟ್ ಕಲ್ಲುರಾಶಿ. ಸುಳಿ ನೋಡಲು ರಸ್ತೆ ಮುಗಿದಲ್ಲಿಂದ ಹೋಗಿಬರಲು 15 ಮೈಲಿಗೂ ಹೆಚ್ಚು ನಡೆಯಬೇಕು. ಅಕ್ಟೋಬರ್ ಕೊನೇ ಭಾನುವಾರ ಬ್ರಿಟನ್‌ನಲ್ಲಿ ಗಡಿಯಾರ ಒಂದು ಗಂಟೆ ಹಿಂದಕ್ಕೆ ಹೋದ ಮೇಲೆ ಸಂಜೆ ಐದು ಗಂಟೆಗೆ ಮುಂಚೆಯೇ ಹೊತ್ತು ಮುಳುಗುತ್ತದೆ. ಅಪ್ಪ-ಅಮ್ಮನಿಗೆ ಕ್ರೇಗ್‌ಹೌಸ್ ಹಳ್ಳಿಯ ಹತ್ತಿರದ ಕೊರಾನ್ ಮರಳದಂಡೆ ಸಾಕು. ಜಿಂಕೆ ನೋಡಲು ಎಲ್ಲಿಗೂ ಹೋಗಬೇಕಿಲ್ಲ. ದ್ವೀಪದಲ್ಲಿ ಜನ ಕೆಲವೇ ನೂರು, ಕೆಂಪು ಜಿಂಕೆ ಸಾವಿರಗಟ್ಟಲೆ. ಅಕ್ಟೋಬರ್ ಅವುಗಳ ಬೆದೆಗಾಲ, ಗಂಡು ಜಿಂಕೆಯ ಗರ್ಜನೆ ಮಲಗುವ ಕೋಣೆಗೇ ಕೇಳುತ್ತದೆ. ಮುಸ್ಸಂಜೆ ಅವು ರಸ್ತೆಗೆ ನುಗ್ಗುತ್ತವೆ, ಗಂಟೆಗೆ 30 ಮೈಲಿ ದಾಟಬೇಡಿ. ಒಂಟಿ ಪಥದ ರಸ್ತೆಯಲ್ಲಿ ಎದುರು ಬಂದವರಿಗೆ ದಾರಿ ಬಿಡಲೆಂದಿರುವ ಪಾಸಿಂಗ್ ಪ್ಲೇಸ್‌ನಲ್ಲಿ ಫೋಟೋಗೆಂದು ಕಾರು ನಿಲ್ಲಿಸಲೂಬೇಡಿ, ಸ್ಥಳೀಯರಿಗೆ ಸರಿಯಾಗಿ ಸಿಟ್ಟು ಬರುತ್ತದೆ.

ನಾಲ್ಕೇ ದಿನ, ಎಲ್ಲವನ್ನೂ ನೋಡಲೇಬೇಕು ಅನ್ನುವುದಾದರೆ ಸ್ಕಾಟ್ಲೆಂಡ್‌ನದೇ ಸ್ಕೈ ದ್ವೀಪಕ್ಕೆ ಹೋಗಿ. ಅಲ್ಲಿಗೆ 1995ರಿಂದ ಸೇತುವೆ ಇದೆ. ಜೂರಾ ಏಳು ರಾತ್ರಿಯ ಜಾಗ.

ಕಾಟೇಜ್ ಮಾಲೀಕರನ್ನು ಎರಡು ವಿಷಯ ಕೇಳಿ. ಮನೆ ಬೆಚ್ಚಗಿಡುವ ಒಲೆ ಸೌದೆಯದ್ದೋ, ಕಲ್ಲಿದ್ದಲೂ ಹಾಕಬಹುದಾದದ್ದೋ? ಸೌದೆಗೆ ಗಾಳಿ ಮೇಲಿನಿಂದ ಬೇಕು: ಬೆಂಕಿ ಹತ್ತಿದ ಮೇಲೆ ಕೆಳಗಿನ ಕಿಂಡಿ ಮುಚ್ಚಿ, ಒಂದಿಂಚು ಬೂದಿ ಹಾಗೇ ಇರಲಿ. ಕಲ್ಲಿದ್ದಲಿಗೆ ಕೆಳಗಿನ ಗಾಳಿ ಬೇಕು, ಬೂದಿ ಪೂರ್ತಿ ತೆಗೆಯಬೇಕು. ಅದಲುಬದಲು ಮಾಡಿದರೆ ಸೌದೆ ಭರ‍್ರನೆ ಉರಿದುಹೋಗುತ್ತದೆ, ಕಲ್ಲಿದ್ದಲು ಹೊಗೆಯಾಡಿ ಆರುತ್ತದೆ. ಇನ್ನೊಂದು, ಅಡುಗೆ ಒಲೆ ಇಂಡಕ್ಷನ್ನೋ? ಆಗಿದ್ದರೆ ಅಮ್ಮನ ಅಲ್ಯುಮಿನಿಯಂ ಕುಕ್ಕರ್ ನಡೆಯುವುದಿಲ್ಲ, ಸ್ಟೀಲಿನದು ಒಯ್ಯಿರಿ. ನಲ್ಲಿ ನೀರು ಪೀಟ್ ಮಣ್ಣಿನಿಂದ ತಿಳಿ ಚಹಾದ ಬಣ್ಣಕ್ಕಿದ್ದರೆ ಗಾಬರಿಯಾಗಬೇಡಿ, ಕುಡಿಯಬಹುದೇ ಎಂದು ಮಾಲೀಕರನ್ನು ಕೇಳಿದರಾಯಿತು. ಪೆಟ್ರೋಲ್, ತರಕಾರಿ ಐಲಾದ ಬೋಮೋರ್‌ನಲ್ಲೇ ತುಂಬಿಸಿಕೊಳ್ಳಿ. ಬೇಳೆ, ಹುಳಿಪುಡಿ ಮನೆಯಿಂದಲೇ ಬರಲಿ. ಕರೆಂಟ್ ಹೋದ ದಿನಕ್ಕೆ ಅವಲಕ್ಕಿ ಎರಡು ಪೊಟ್ಟಣ ಜಾಸ್ತಿ ಇಟ್ಟುಕೊಳ್ಳಿ.